ಎರಡು ಪಾಸಿಟಿವ್, ಎರಡು ರೋಗ: ಹಾವೇರಿ ಕಡಿ ಒಂದು ಮನಿಯ ಪ್ರಕರಣ

ಸಂಕ್ರಮಣ ಆಗಿ ನಾಕನೇ ದಿನ ರಾತ್ರಿ ಹತ್ತೂವರಿಗೆ ಅಕ್ಕನ ಫೋನ್ ಬಂತು. ಹಾವೇರಿ ತಾಲೂಕಿನ್ಯಾಗ ವರದಾ ಹೊಳಿ ಸಮೀಪ ಅವರ ಊರು, ಮನಿ ಹಿತ್ತಲದಾಗ ಜವಾರಿ ಕೋಳಿ ಒಂದಿಷ್ಟು, ಗಿರಿರಾಜ ಒಂದಿಷ್ಟು, ಎಲ್ಲಾ ಕೂಡಿ ಮೂವತ್ತೆಂಟು ಇದ್ವು. "ತಮ್ಮಾ, ಮೂರು ದಿನದಾಗ ಇಪ್ಪತ್ತೊಂದು ಕೋಳಿ ಸತ್ತಾವು, ಈಗ ನೋಡಿದ್ರ ಸಣ್ಣಾವಗ ನೂರಾಎರಡು ಜ್ವರ, ಊರಾಗ ಎಲ್ಲಾರೂ ಹಕ್ಕಿಜ್ವರ ಅನ್ನಾಕತ್ತಾರ, ನೀ ಅದನ್ನ ಓದಿಯಲ್ಲ, ಏನರ ಹೇಳು" ಅಂದ್ಲು, ಆಕಿ ದನಿ ನಡಗಾಕತ್ತಿತ್ತು. ನಾನು ಧಾರವಾಡದಾಗ ಡಿಗ್ರಿ ಹುಡುಗರಿಗೆ ಮೈಕ್ರೋಬಯಾಲಜಿ ಕಲಸ್ತೀನಿ, ಡಾಕ್ಟರ್ ಅಲ್ಲ. ಆದ್ರ ಮುಂದಿನ ಹತ್ತು ದಿನದಾಗ ನಡದದ್ದನ್ನ ಬರದಿಡಬೇಕು ಅನಿಸ್ತು, ಯಾಕಂದ್ರ ಆ ಮನಿಯವರು ಅನುಭವಿಸಿದ ಅರ್ಧ ಸಂಕಟ ರೋಗದಿಂದ ಬಂದದ್ದಲ್ಲ, "ಪಾಸಿಟಿವ್" ಅನ್ನೋ ಒಂದು ಶಬ್ದವನ್ನ ತಪ್ಪು ತಿಳಕೊಂಡಿದ್ದರಿಂದ ಬಂದದ್ದು.

ಆ ರಾತ್ರಿ ನಾ ಹೇಳಿದ್ದು ಇಷ್ಟ: ಸತ್ತ ಕೋಳಿ ಬರಿಗೈಲೆ ಮುಟ್ಟಬ್ಯಾಡ್ರಿ, ಹೊಳಿಗೆ ಒಗಿಬ್ಯಾಡ್ರಿ, ಉಳದಾವನ್ನ ಮಾರೂದೂ ಬ್ಯಾಡ ಕೊಯ್ಯೂದೂ ಬ್ಯಾಡ, ಬೆಳಿಗ್ಗೆ ಎದ್ದ ಕೂಡ್ಲೆ ದನದ ಡಾಕ್ಟ್ರಿಗೆ ಫೋನ್ ಮಾಡ್ರಿ, ಹುಡುಗಗ ಮಾಸ್ಕ್ ಹಾಕಿ ಹುಬ್ಬಳ್ಳಿಗೆ ಕರಕೊಂಡ ಬರ್ರಿ, ಡಾಕ್ಟ್ರಿಗೆ ಮೊದಲನೇ ಮಾತಿನ್ಯಾಗ ಕೋಳಿ ಸತ್ತ ಸುದ್ದಿ ಹೇಳ್ರಿ. ಹೆದರಬ್ಯಾಡ ಅಂತ ಮಾತ್ರ ಹೇಳಲಿಲ್ಲ, ಹೇಳೋಹಂಗೂ ಇರಲಿಲ್ಲ.

ಯಾಕಂದ್ರ ಊರವರ ಹೆದರಿಕಿ ಬರೇ ಸುಳ್ಳಲ್ಲ. 2020ರ ಮಾರ್ಚ್‌ನ್ಯಾಗ ದಾವಣಗೆರೆ ಜಿಲ್ಲೆ ಹರಿಹರ ತಾಲೂಕಿನ ಬನ್ನಿಕೋಡದಾಗ ಎಚ್5ಎನ್1 ಅನ್ನೋ ಹಕ್ಕಿಜ್ವರದ ವೈರಸ್ ಸಿಕ್ಕಿತ್ತು, ಹರಿಹರ ಅಂದ್ರ ತುಂಗಭದ್ರಾ ದಾಟಿದ್ರ ನಮ್ಮ ಹಾವೇರಿ ಜಿಲ್ಲೆನ, ರಾಣೇಬೆನ್ನೂರಿನವರಿಗೆ ಅದು ದೂರದ ಊರೇನಲ್ಲ. ಅದೇ ತಿಂಗಳು ಮೈಸೂರಿನ್ಯಾಗೂ ಸಿಕ್ಕಿತ್ತು. 2021ರಾಗ ಹರಿಯಾಣದ ಒಬ್ಬ ಹುಡುಗ ಎಚ್5ಎನ್1ನಿಂದ ದೆಹಲಿ ಆಸ್ಪತ್ರೆಯೊಳಗ ತೀರಕೊಂಡ, ನಮ್ಮ ದೇಶದಾಗ ಮನುಷ್ಯರದು ದಾಖಲಾದ ಮೊದಲನೇ ಸಾವು ಅದು. ಅಕ್ಕನ ಮಗಗೂ ಹೆಚ್ಚುಕಡಿಮಿ ಅದೇ ಪ್ರಾಯ, ಒಂಬತ್ತು ತುಂಬ್ಯಾವ, ಅಜ್ಜನ ಕೂಡ ಹೋಗಿ ಸತ್ತ ಕೋಳಿ ಹುಗದು ಬಂದಿದ್ದ. ಯಾವ ತಾಯಿಗೆ ನಿದ್ದಿ ಹತ್ತತೈತಿ ಹೇಳ್ರಿ.

ಮರುದಿನ ನಾನು ಊರಿಗೆ ಹೋಗಿ ಮೊದಲು ಮಾಡಿದ ಕೆಲಸ ಅಂದ್ರ ಒಂದು ಹಾಳಿ ಮ್ಯಾಲೆ ತಾರೀಖು ಬರದದ್ದು. ಇದನ್ನ ಅಲ್ಲಿತನಕ ಯಾರೂ ಕೇಳಿರಲಿಲ್ಲ. 10ನೇ ತಾರೀಖು ಸಂತಿಯೊಳಗ ಎಂಟು ಕೋಳಿ ತಂದಾರ, ಅವಕ್ಕ ಲಸಿಕಿ ಹಾಕಿದ್ರೋ ಇಲ್ಲೋ ಯಾರಿಗೂ ಗೊತ್ತಿಲ್ಲ. 13ಕ್ಕ ಹುಡುಗ ಅವ್ವನ ಜೋಡಿ ಹುಬ್ಬಳ್ಳಿಗೆ ಮದುವಿಗೆ ಹೋಗಿ ಬಂದಾನ. 15ಕ್ಕ ಮುಂಜಾನೆ ಹೊಸಾ ಕೋಳಿಯೊಳಗ ಎರಡು ರೆಕ್ಕಿ ಜೋತ ಬಿಟ್ಟು ಕುಂತಾವ, ಹಸರು ನೀರಿನಂಥ ಹಿಕ್ಕಿ, ಬಾಯಿ ತಕ್ಕೊಂಡು ಉಸಿರಾಡೂದು. ಅದೇ ದಿನ ಸಂಜಿಕ ಹುಡುಗಗ ಜ್ವರ, ಮೈಕೈ ನೋವು, ಒಣ ಕೆಮ್ಮು. 16ಕ್ಕ ಮೊದಲನೇ ಕೋಳಿ ಸತ್ತೈತಿ, ಅವತ್ತ ಹುಡುಗ ಜ್ವರದಾಗೂ ಹಟಾ ಮಾಡಿ ಅಜ್ಜನ ಬೆನ್ನು ಹತ್ತಿ ಹೋಗಿ ಹುಗದು ಬಂದಾನ. ಅಂದ್ರ ಜ್ವರ ಬಂದ ಮ್ಯಾಲೆ ಸತ್ತ ಕೋಳಿ ಮುಟ್ಟ್ಯಾನ, ಮುಟ್ಟಿದ ಮ್ಯಾಲೆ ಜ್ವರ ಬಂದದ್ದಲ್ಲ. ಊರಾಗ ಕತಿ ತಿರುಗಿದ್ದು ಮಾತ್ರ ಇದರ ಉಲ್ಟಾ. ಇನ್ನೊಂದು ಮಾತು ಅವರ ಸಾಲಿ ಮಾಸ್ತರರಿಂದ ಗೊತ್ತಾತು: ಅದೇ ವಾರ ಅವನ ಕ್ಲಾಸಿನ್ಯಾಗ ಆರು ಹುಡುಗರು ಜ್ವರ ಅಂತ ರಜಾ ಹಾಕಿದ್ರು, ಅವರೊಳಗ ನಾಕು ಮಂದಿ ಮನಿಯೊಳಗ ಕೋಳಿನ ಇಲ್ಲ.

ಆದ್ರ ತಾರೀಖು ಸುಳಿವು ಕೊಡತೈತಿ, ಸಾಕ್ಷಿ ಆಗೂದಿಲ್ಲ. ನೋಡಾಕ ಆರಾಮ ಇರೋ ಹಕ್ಕಿನೂ ವೈರಸ್ ಹೊರಗ ಹಾಕಬಹುದು, 10ರಿಂದ 15ರ ನಡುವ ಹುಡುಗ ಆ ಕೋಳಿ ಜೋಡಿ ಆಡಿರಬಹುದು. ಹಿಂಗಾಗಿ ಟೆಸ್ಟ್ ಬರೂತನಕ ಮನಿಯವರು ಹೊರಗ ಓಡಾಡೂದು ಬಿಟ್ರು, ಅದು ಸರಿಯಾದ ನಿರ್ಧಾರನ ಆಗಿತ್ತು ಅಂತ ಈಗೂ ಅಂತೀನಿ.

ದನದ ಡಾಕ್ಟ್ರು ಪಿಪಿಇ ಕಿಟ್ ಹಾಕ್ಕೊಂಡ ಬಂದ್ರು. ಅವರನ್ನ ಆ ಬಿಳಿ ಬಟ್ಟಿಯೊಳಗ ನೋಡಿದ ಕೂಡ್ಲೆ ಓಣಿ ಮಂದಿ ಬಾಗಲಾ ಹಾಕ್ಕೊಂಡ್ರು, ಯಾರೋ ಫೋಟೋ ತಗದು ವಾಟ್ಸಾಪ್‌ಗೆ ಹಾಕಿದ್ರು, ಅವತ್ತ ಸಂಜಿಯಿಂದ ಅಕ್ಕನ ಮನಿ ಹಾಲು ತಗೊಳ್ಳೋ ಏಳೂ ಮನಿಯವರು ಬ್ಯಾಡ ಅಂದ್ರು. ಡಾಕ್ಟ್ರು ಮಾತ್ರ ಭಾಳ ಶಾಂತ ಮನುಷ್ಯಾ. ಕುತ್ತಿಗಿ ಹಿಂದಕ್ಕ ತಿರುವಿಕೊಂಡಿದ್ದ ಒಂದು ಕೋಳಿ ನೋಡಿ "ಇದು ಕೊಕ್ಕರೆ ರೋಗದ ಲಕ್ಷಣ ಐತಿ, ಆದ್ರ ಕಣ್ಣಿಲೆ ನೋಡಿ ಹೇಳಾಕ ಬರೂದಿಲ್ಲ, ಕಳಸೂನು" ಅಂದ್ರು. ಗಂಟಲದ್ದು, ಹಿಂಬದಿದು ಸ್ವಾಬ್ ತಗೊಂಡು, ಸತ್ತ ಎರಡು ಕೋಳಿ ಐಸಿನ್ಯಾಗ ಪ್ಯಾಕ್ ಮಾಡಿ ಬೆಂಗಳೂರಿನ ಲ್ಯಾಬಿಗೆ ಕಳಿಸಿದ್ರು. ಕೊಕ್ಕರೆ ರೋಗ ಅಂದ್ರ ರಾಣಿಖೇತ, ಹೊರಗಿನವರು ನ್ಯೂಕ್ಯಾಸಲ್ ಅಂತಾರ, 1926ರಾಗ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ್ಯಾಗ ಗುರುತಿಸಿದ್ರು, ಮರುವರ್ಷ ನಮ್ಮ ಕುಮಾವೂಂ ಗುಡ್ಡದ ರಾಣಿಖೇತದಾಗ. ಇದು ಇನ್‌ಫ್ಲುಯೆಂಜಾ (ಹಕ್ಕಿಜ್ವರ ತರೋ ಫ್ಲೂ ವೈರಸ್) ಅಲ್ಲವೇ ಅಲ್ಲ, ಬ್ಯಾರೆ ಮನೆತನದ ವೈರಸ್ಸು. ಆದ್ರ ಕೋಳಿ ಸಾಯೂ ರೀತಿ ಎಷ್ಟು ಹೋಲತೈತಿ ಅಂದ್ರ ಅನುಭವಸ್ಥರಿಗೂ ಲ್ಯಾಬ್ ಬೇಕ ಬೇಕು.

ಈಗ ಗೊಂದಲ ಶುರು ಆದದ್ದು. ಒಂದೇ ದಿನ ಮಧ್ಯಾಹ್ನ ಎರಡು ಸುದ್ದಿ ಬಂದ್ವು. ಹುಬ್ಬಳ್ಳಿಯಿಂದ: ಹುಡುಗಂದು "ಇನ್‌ಫ್ಲುಯೆಂಜಾ ಎ ಪಾಸಿಟಿವ್". ಕೋಳಿದು ಯಾರೋ ಫೋನಿನ್ಯಾಗ ಕೇಳಿ ತಿಳಕೊಂಡು ಊರಿಗೆ ಮುಟ್ಟಿಸಿದ್ದು: "ಎಚ್ಎ ಪಾಸಿಟಿವ್". ಎಚ್ ಅಂತಾನೂ ಐತಿ, ಪಾಸಿಟಿವ್ ಅಂತಾನೂ ಐತಿ, ಎಚ್5ಎನ್1 ಅಂತ ಟಿವಿಯೊಳಗ ಕೇಳಿದವರಿಗೆ ಇನ್ನೇನು ಬೇಕು, ಎರಡೂ ಕೂಡಿಸಿ ಗಂಟು ಹಾಕಿಬಿಟ್ರು, ಮಾವ ಅಂತೂ ಅವತ್ತ ಊಟನ ಮಾಡಲಿಲ್ಲ. ಇಲ್ಲಿ ಒಂದು ನಿಮಿಷ ನಿಂತು ಆ ಎಚ್ಎ ಏನು ಅಂತ ನೋಡಬೇಕು, ಈ ಪ್ರಕರಣದ ತಿರುಳ ಅದು.

1941ರಾಗ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯೊಳಗ ಜಾರ್ಜ್ ಹರ್ಸ್ಟ್ ಅನ್ನೋ ವಿಜ್ಞಾನಿ ಫ್ಲೂ ವೈರಸ್ ಬೆಳಸಿದ ತತ್ತಿಯಿಂದ ನೀರು ತಗಿಯಾಕತ್ತಿದ್ರು, ಒಳಗಿನ ಮರಿಯ ರಕ್ತನಾಳ ಹರದು ರಕ್ತ ಅದರಾಗ ಬೆರೀತು, ನೋಡ್ತಾರ, ಕೆಂಪು ಕಣ ಎಲ್ಲಾ ಒಂದಕ್ಕೊಂದು ಅಂಟಿಕೊಂಡು ಗಂಟು ಆಗ್ಯಾವು. ವೈರಸ್ಸಿನ ಮೈಮ್ಯಾಲಿನ ಒಂದು ಪ್ರೋಟೀನು ಕೆಂಪು ಕಣಾನ ಹಿಡಕೊಳ್ಳತೈತಿ, ಒಂದು ವೈರಸ್ಸು ಎರಡು ಮೂರು ಕಣ ಹಿಡದ್ರ ಜಾಲ ಆಗತೈತಿ. ಅದಕ್ಕ ಆ ಪ್ರೋಟೀನಿಗೆ ಹಿಮ್ಯಾಗ್ಲುಟಿನಿನ್, ಗಿಡ್ಡಕ್ಕ ಎಚ್ಎ, ಅಂತ ಹೆಸರು, ಎಚ್5ಎನ್1ನ ಎಚ್ ಇದ, ಎನ್ ಅಂದ್ರ ನ್ಯೂರಾಮಿನಿಡೇಸ್. ಎಚ್ಎ ಟೆಸ್ಟ್ ಅಂದ್ರ ಅವತ್ತಿನಿಂದ ಇವತ್ತಿನತನಕ ಇಷ್ಟ: ಸ್ಯಾಂಪಲ್‌ಗೆ ಕೋಳಿ ಕೆಂಪು ಕಣ ಹಾಕಿ ಅರ್ಧ ತಾಸು ಬಿಟ್ಟು ನೋಡೂದು, ಕಣ ಕೆಳಗ ಜಾರಿ ಕೆಂಪು ಚುಕ್ಕಿ ಆಗಿ ಕುಂತ್ರ ಆ ಕಣ ಹಿಡಿಯೋ ವೈರಸ್ ಇಲ್ಲ, ತಳದ ತುಂಬ ಹಾಸಿಕೊಂಡು ನಿಂತ್ರ ಹಿಡಕೊಳ್ಳೋದು ಏನೋ ಐತಿ. "ಏನೋ" ಅನ್ನೋ ಶಬ್ದಕ್ಕ ಅಡಿಗೆರಿ ಹಾಕಿಕೊಳ್ರಿ. ರಾಣಿಖೇತ ವೈರಸ್ಸೂ ಹಂಗ ಹಿಡೀತೈತಿ.

ಏನನ್ನ ಹಿಡೀತಾವು? ಸಕ್ಕರಿನ್ನ. ಜೀವಕೋಶದ ಮೈಮ್ಯಾಲೆ ಸಕ್ಕರಿ ಅಣುಗಳ ಸರ ಕೊಂಬಿಯಂಗ ಚಾಚಿಕೊಂಡಿರ್ತಾವು, ಭಾಳಷ್ಟು ಕೊಂಬಿಯ ತುಟ್ಟತುದಿಗೆ ಸಿಯಾಲಿಕ್ ಆಸಿಡ್ ಅಂತ ಒಂಬತ್ತು ಕಾರ್ಬನ್ನಿನ ಸಕ್ಕರಿ ಕುಂತಿರತೈತಿ, ಎತ್ತಿನ ಕೋಡಿನ ತುದಿಗೆ ಹಿತ್ತಾಳಿ ಅಣಸು ಹಾಕ್ತಾರಲ್ಲ ಹಂಗ. ಇದು ಗೊತ್ತಾಗಿದ್ದಕ್ಕ ಮೆಲ್ಬರ್ನಿನ ಬರ್ನೆಟ್ ಮತ್ತ ಗಾಟ್‌ಶಾಕ್ ಅವರ ಕೆಲಸ ಕಾರಣ: ಕಾಲರಾ ಬ್ಯಾಕ್ಟೀರಿಯಾ ಬಿಡೋ ಒಂದು ಕಿಣ್ವ ಕೆಂಪು ಕಣಕ್ಕ ಹಾಕಿದ್ರ ಆಮ್ಯಾಲೆ ಫ್ಲೂ ವೈರಸ್ಸಿಗೆ ಹಿಡಕೊಳ್ಳಾಕ ಏನೂ ಸಿಗೂದಿಲ್ಲ, ಯಾಕಂದ್ರ ಆ ಕಿಣ್ವ ತುದಿ ಸಕ್ಕರಿನ ಕತ್ತರಿಸಿ ಒಗದಿರತೈತಿ. ವೈರಸ್ಸಿನ ನ್ಯೂರಾಮಿನಿಡೇಸೂ ಮಾಡೋದು ಅದೇ ಕತ್ತರಿ ಕೆಲಸ. ಒಳಗ ಹೋಗಾಕ ಹಿಡಕೊಳ್ಳಬೇಕು, ಮರಿ ವೈರಸ್ ಹೊರಗ ಬಂದಾಗ ಅದೇ ಸಕ್ಕರಿಗೆ ಸಿಕ್ಕೊಂಡು ಬೀಳಬಾರದು, ಅದಕ್ಕ ಕತ್ತರಿ ಬೇಕು. ಹುಡುಗಗ ಹುಬ್ಬಳ್ಳಿಯೊಳಗ ಮೊದಲನೇ ದಿನಾನ ಶುರು ಮಾಡಿದ್ದ ಒಸೆಲ್ಟಾಮಿವಿರ್ ಗುಳಿಗಿ ಆ ಕತ್ತರಿ ಬಾಯಿ ಮುಚ್ಚತೈತಿ.

ನಮ್ಮ ಹಾವೇರಿ ಕಡಿಯವರಿಗೆ ಈ ಹಿಡಿತ ತಿಳಸಾಕ ಕೊಬ್ಬರಿ ಹೋರಿಗಿಂತ ಒಳ್ಳೆ ಉದಾಹರಣೆ ಇಲ್ಲ. ದೀಪಾವಳಿ ಆದ ಮ್ಯಾಲೆ ಓಡೋ ಹೋರಿನ್ನ ಒಬ್ಬ ಹಿಡದ್ರ ಕೊಡವಿ ಒಗದು ಹೋಗತೈತಿ, ಹತ್ತು ಮಂದಿ ಒಟ್ಟಿಗೆ ಬಿದ್ರ ಒಬ್ಬನ ಕೈ ಜಾರಿದ್ರೂ ಉಳದವರ ಕೈ ಹಿಡದಿರತೈತಿ, ಹೋರಿ ನಿಲ್ಲತೈತಿ. ಒಂದು ಎಚ್ಎ ಒಂದು ಸಕ್ಕರಿನ್ನ ಹಿಡಿಯೋ ಬಲ ಭಾಳ ಕಮ್ಮಿ, ಒಂದು ಕ್ಷಣಕ್ಕ ಬಿಟ್ಟು ಹೋಗತೈತಿ. ಆದ್ರ ಒಂದು ವೈರಸ್ಸಿನ ಮೈಮ್ಯಾಲೆ ಅಂಥಾ ಮುಳ್ಳು ಮೂರ್ನಾಕನೂರು ಇರ್ತಾವು, ಎಲ್ಲಾ ಕೂಡಿ ಹಿಡದ್ರ ಬಿಡಿಸಾಕ ಆಗೂದಿಲ್ಲ. ಇದರ ಒಳಗ ಒಂದು ಸೂಕ್ಷ್ಮ ಐತಿ: ಒಂದೊಂದು ಕೈಯ ಹಿಡಿತ ಸ್ವಲ್ಪ ಹೆಚ್ಚುಕಡಿಮಿ ಆದ್ರೂ ಒಟ್ಟು ಬಲದಾಗ ಭಾರಿ ಫರಕ್ ಬೀಳತೈತಿ, ಹಿಂಗಾಗಿ ಸಕ್ಕರಿ ಜೋಡಣೆಯ ಸಣ್ಣ ವ್ಯತ್ಯಾಸ ಕೂಡ ಯಾವ ಪ್ರಾಣಿಗೆ ರೋಗ ಬರತೈತಿ ಅನ್ನೂದನ್ನ ತೀರ್ಮಾನ ಮಾಡೋಷ್ಟು ದೊಡ್ಡದು.

ಆ ವ್ಯತ್ಯಾಸ ಏನು ಅಂದ್ರ, ಸಿಯಾಲಿಕ್ ಆಸಿಡ್‌ನ ಎರಡನೇ ಕಾರ್ಬನ್ನು ಅದರ ಕೆಳಗಿನ ಗ್ಯಾಲಾಕ್ಟೋಸಿನ ಮೂರನೇ ಕಾರ್ಬನ್ನಿಗೆ ಕೂಡಿರಬಹುದು, ಇಲ್ಲಾ ಆರನೇದಕ್ಕ. ಆಲ್ಫಾ 2-3, ಆಲ್ಫಾ 2-6 ಅಂತಾರ. ಆರನೇ ಕಾರ್ಬನ್ನು ಉಂಗುರದಿಂದ ಹೊರಗ ಚಾಚಿಕೊಂಡಿರತೈತಿ, ಅದಕ್ಕ ಅಲ್ಲಿ ಕಬ್ಬಿಗೆ ಇದ್ದಂಗ ಒಂದು ಗೆಣ್ಣು ಹೆಚ್ಚಿಗಿ, ತಿರುಗಾಕ ಬಾಗಾಕ ಜಾಗ ಹೆಚ್ಚು. 2-3 ಇದ್ದಲ್ಲಿ ಕೊಂಬಿ ನೆಟ್ಟಗ, 2-6 ಇದ್ದಲ್ಲಿ ಬಾಗಿ ಛತ್ರಿ ಬಿಚ್ಚಿದಂಗ. ಬಾತುಕೋಳಿ ಕರುಳಿನ್ಯಾಗ ಇರೋದು ಮುಖ್ಯವಾಗಿ 2-3, ಅದಕ್ಕ ನೀರಹಕ್ಕಿಯೊಳಗ ಫ್ಲೂ ಹೊಟ್ಟಿ ರೋಗ, ಹಿಕ್ಕಿಯೊಳಗ ಕೆರಿ ನೀರಿಗೆ ಬೀಳತೈತಿ. ಮನುಷ್ಯರ ಮೂಗು ಗಂಟಲು ಶ್ವಾಸನಾಳದಾಗ 2-6 ಹೆಚ್ಚು, 2-3 ಇರೋದು ಭಾಳ ಒಳಗ, ಪುಪ್ಪುಸದ ಗಾಳಿಚೀಲದ ಹತ್ರ. ಹಂದಿ ಗಂಟಲಿನ್ಯಾಗ ಎರಡೂ. ಕೋಳಿಗೂ ಎರಡೂ ಅದಾವು.

ನಮ್ಮ ಗದಗ ಜಿಲ್ಲೆ ಶಿರಹಟ್ಟಿ ತಾಲೂಕಿನ ಮಾಗಡಿ ಕೆರಿಗೆ ಚಳಿಗಾಲದಾಗ ಹಿಮಾಲಯ ದಾಟಿ ಬರೋ ಪಟ್ಟೆತಲೆ ಹೆಬ್ಬಾತಿನ ಸುದ್ದಿ ಆಗ ಊರಾಗ ಎದ್ದಿತ್ತು, ಅವ ರೋಗ ತಂದಾವು ಅಂತ. 2005ರಾಗ ಚೀನಾದ ಕಿಂಗ್‌ಹೈ ಸರೋವರದಾಗ ಇದೇ ಜಾತಿ ಹಕ್ಕಿ ಎಚ್5ಎನ್1ನಿಂದ ಸಾವಿರಾರು ಸತ್ತಿದ್ವು ಅನ್ನೂದು ಖರೆ. ಆದ್ರ ಅವು ಅಲ್ಲಿ ರೋಗ ಉಂಡು ಸತ್ತವು. ಅಕ್ಕನ ಊರಿಂದ ಅಷ್ಟು ದೂರದ ಕೆರಿ ಹಕ್ಕಿ ಮ್ಯಾಲೆ ಹೊರಸೋಕ್ಕಿಂತ ಸಂತಿಯಿಂದ ತಂದ ಎಂಟು ಕೋಳಿ ಕಡೆ ನೋಡೂದು ಬುದ್ಧಿವಂತಿಕಿ. 2024ರಾಗ ಮಾಗಡಿ ಕೆರಿಗೆ ರಾಮ್‌ಸರ್ ಮಾನ್ಯತೆ, ಅಂದ್ರ ಜಗತ್ತಿನ ಮಹತ್ವದ ಜೌಗುನೆಲ ಅನ್ನೋ ಗುರುತು, ಸಿಕ್ಕೈತಿ, ಆ ಹಕ್ಕಿಗೆ ಯಾರರ ಕಲ್ಲು ಹೊಡದ್ರ ಅಂತ ನನಗ ಖರೇನ ಹೆದರಿಕಿ ಆಗಿತ್ತು.

ಸರಿ, ಕೋಳಿದು. ಎಚ್ಎ ಪಾಸಿಟಿವ್ ಆದ ಮ್ಯಾಲೆ ಲ್ಯಾಬಿನವರು ಕೇಳೋದು ಎರಡನೇ ಪ್ರಶ್ನೆ: ಹಿಡದದ್ದು ಯಾರ ಕೈ? ಅದಕ್ಕ ಎಚ್ಐ, ಅಂದ್ರ ಹಿಡಿತ ತಡದು ನೋಡೋ ಟೆಸ್ಟ್. ರಾಣಿಖೇತದ ವಿರುದ್ಧ ತಯಾರಾದ ಪ್ರತಿಕಾಯ (ಆಂಟಿಬಾಡಿ) ಮೊದಲ ಹಾಕಿದ್ರ ಅವು ಆ ವೈರಸ್ಸಿನ ಕೈ ಮ್ಯಾಲೆ ಕುಂತು ಮುಚ್ಚತಾವು, ಗಂಟು ಆಗೂದ ಇಲ್ಲ, ಕೆಂಪು ಚುಕ್ಕಿ ವಾಪಸ್ ಬರತೈತಿ. ಫ್ಲೂ ವಿರುದ್ಧದ ಪ್ರತಿಕಾಯ ಹಾಕಿದ್ರ ಏನೂ ಆಗೂದಿಲ್ಲ. ಅಕ್ಕನ ಕೋಳಿಯ ಸ್ಯಾಂಪಲ್ ರಾಣಿಖೇತ ಪ್ರತಿಕಾಯಕ್ಕ ಮಣೀತು, ಇನ್‌ಫ್ಲುಯೆಂಜಾ ಪಿಸಿಆರ್ (ವೈರಸ್ಸಿನ ಜೀನ್ ಹುಡುಕೋ ಟೆಸ್ಟ್) ನೆಗೆಟಿವ್ ಬಂತು. ಫ್ಲೂಗೆ ಹಿಡಿಯೋ ಪ್ರೋಟೀನು ಒಂದು, ಕತ್ತರಿಸೋದು ಇನ್ನೊಂದು. ರಾಣಿಖೇತ ವೈರಸ್ಸಿಗೆ ಎರಡೂ ಕೆಲಸ ಒಂದೇ ಪ್ರೋಟೀನು ಮಾಡತೈತಿ, ಎಚ್ಎನ್ ಅಂತಾರ. ಬ್ಯಾರೆ ಬ್ಯಾರೆ ಮನೆತನದ ಎರಡು ವೈರಸ್ಸು ಒಂದೇ ಸಕ್ಕರಿನ್ನ ಬಾಗಲಾ ಮಾಡಿಕೊಂಡಾವು, ಎಚ್ಎ ಪ್ಲೇಟಿನ್ಯಾಗ ಅಕ್ಕ ತಂಗಿಯಂಗ ಕಾಣ್ತಾವು. ಹಕ್ಕಿಜ್ವರದ ಸಂಶಯ ಉಳದಿದ್ರ ಸ್ಯಾಂಪಲ್ ಭೋಪಾಲಿನ ಹೈ ಸೆಕ್ಯುರಿಟಿ ಲ್ಯಾಬಿಗೆ ಹೋಗತಿತ್ತು, ಆ ಪಾಳಿ ಬರಲಿಲ್ಲ.

ಹುಡುಗಂದು ಇನ್ನೂ ಒಂದು ದಿನ ತಡ ಆತು. ಇನ್‌ಫ್ಲುಯೆಂಜಾ ಎ ಪಾಸಿಟಿವ್ ಅಂದ್ರ ಹಕ್ಕಿದೂ ಆಗಬಹುದು ಮನುಷ್ಯರದೂ ಆಗಬಹುದು, ಮೊದಲನೇ ಪಿಸಿಆರ್ ನೋಡೋ ಜೀನ್ ಎಲ್ಲಾ ಎ ವೈರಸ್ಸಿಗೂ ಒಂದೇ ನಮೂನಿ. ಮುಂದ ಮನುಷ್ಯರ ಫ್ಲೂದ ಎಚ್1, ಎಚ್3 ಏನರ ಐತೇನು ಅಂತ ಬಿಡಿಸಿ ನೋಡಬೇಕು, ಯಾವುದಕ್ಕೂ ಸಿಗದಿದ್ರ ಆಗ ಗಾಬರಿ, ಪುಣೆಯ ರಾಷ್ಟ್ರೀಯ ವೈರಾಲಜಿ ಸಂಸ್ಥೆಗೆ ಕಳಸಬೇಕಾಗತೈತಿ. ಬಂದದ್ದು ಎಚ್3ಎನ್2. ಪ್ರತಿವರ್ಷ ಬರೋ ಮನುಷ್ಯರ ಫ್ಲೂ, ಬಹುಶಃ ಮದುವಿ ಮನಿಯಿಂದ ಇಲ್ಲಾ ಸಾಲಿಯಿಂದ. ಅಕ್ಕ ಫೋನಿನ್ಯಾಗ ಅತ್ತಬಿಟ್ಲು, ನಾನೂ ಕ್ಲಾಸ್ ಬಿಟ್ಟು ಹೊರಗ ಬಂದು ಐದು ನಿಮಿಷ ಸುಮ್ಮನ ನಿಂತೆ.

ಆದ್ರ ಇಲ್ಲೊಂದು ಮಾತು ನನಗ ಬಿಡಾಕ ಆಗೂದಿಲ್ಲ. ಈ ಎಚ್3ಎನ್2 ವೈರಸ್ಸಿನ ಎಚ್3 ಮೂಲದಾಗ ಹಕ್ಕಿದ. 1968ರ ಹಾಂಗ್‌ಕಾಂಗ್ ಫ್ಲೂ ಕಾಲಕ್ಕ ಹಕ್ಕಿ ವೈರಸ್ಸಿನ ಎಚ್ಎ ಮನುಷ್ಯರ ವೈರಸ್ಸಿನೊಳಗ ಬಂದು ಸೇರ್ಕೊಂತು. ಪ್ರೋಟೀನು ಅಂದ್ರ ಅಮೈನೋ ಆಸಿಡ್ ಮಣಿಗಳ ಸರ, ಸಕ್ಕರಿ ಹಿಡಿಯೋ ಕುಣಿಯ ಅಂಚಿನ್ಯಾಗ 226ನೇ ಜಾಗದಾಗ ಹಕ್ಕಿ ವೈರಸ್ಸಿಗೆ ಗ್ಲುಟಮಿನ್ ಅನ್ನೋ ಮಣಿ ಇರತೈತಿ, 1968ರ ಮನುಷ್ಯರದಕ್ಕ ಲ್ಯೂಸಿನ್ ಬಂತು. 228ರಾಗ ಗ್ಲೈಸಿನ್ ಹೋಗಿ ಸೆರಿನ್. ಈ ಎರಡು ಬದಲಾವಣೆಯಿಂದ ಕುಣಿ ಸ್ವಲ್ಪ ಅಗಲ ಆಗಿ ಬಾಗಿದ 2-6 ಸಕ್ಕರಿ ಕೂಡಾಕ ಜಾಗ ಆಗತೈತಿ. 1981ರಾಗ ವಿಲ್ಸನ್, ಸ್ಕೆಹಲ್, ವೈಲಿ ಅವರು ಎಚ್ಎ ಆಕಾರ ಬಿಡಿಸಿ ತೋರಿಸಿದ್ರು, 1983ರಾಗ ರಾಜರ್ಸ್, ಪಾಲ್ಸನ್ ಅವರ ಗುಂಪು 226ರ ಒಂದೇ ಬದಲಾವಣೆ ಸಕ್ಕರಿ ಆಯ್ಕೆನ ತಿರುವಿ ಹಾಕತೈತಿ ಅಂತ ತೋರಿಸ್ತು. ಎಚ್1ರಾಗ ಜಾಗ ಬ್ಯಾರೆ, ಅಲ್ಲಿ 190 ಮತ್ತ 225. 2024ರ ಕೊನಿಗೆ ಅಮೆರಿಕದ ದನದೊಳಗ ಹಬ್ಬಿದ ಎಚ್5ಎನ್1ನ ಎಚ್ಎ ಪ್ರೋಟೀನಿನ ಮ್ಯಾಲೆ ಮಾಡಿದ ಕೆಲಸದಾಗೂ 226ರ ಒಂದು ಬದಲಾವಣೆ ಸಾಕು 2-6 ಕಡೆ ವಾಲಾಕ ಅಂತ ಬಂತು. ಮನುಷ್ಯರೊಳಗ ಹಬ್ಬಾಕ ಅದೊಂದ ಸಾಲೂದಿಲ್ಲ, ವೈರಸ್ಸಿನ ಬ್ಯಾರೆ ಜೀನುಗಳೂ ಹೊಂದಬೇಕು, ಆದ್ರೂ ಬಾಗಲಾ ಎಷ್ಟು ತೆಳು ಐತಿ ಅನ್ನೂದು ಕಾಣತೈತಿ.

ಹಿಂಗಾಗಿ "2-3 ಸಕ್ಕರಿ ಹಿಡಿಯೋ ವೈರಸ್ಸು, ಮನುಷ್ಯರಿಗೆ ಬರೂದಿಲ್ಲ" ಅಂತ ನಾ ಆ ರಾತ್ರಿ ಅಕ್ಕಗ ಹೇಳಿದ್ರ ಅದು ದೊಡ್ಡ ತಪ್ಪಾಗತಿತ್ತು. 1997ರಾಗ ಹಾಂಗ್‌ಕಾಂಗಿನ್ಯಾಗ ಹದಿನೆಂಟು ಮಂದಿಗೆ ಎಚ್5ಎನ್1 ಬಂತು, ಆರು ಮಂದಿ ಸತ್ರು. ಪುಪ್ಪುಸದ ಆಳಕ್ಕ ಹೋದ್ರ ಅಲ್ಲಿ 2-3 ಐತಿ, ಅಲ್ಲಿ ಹಿಡದ್ರ ರೋಗ ಭಾಳ ಕೆಟ್ಟ. ಮೂಗು ಗಂಟಲಿನ್ಯಾಗ ಸರಿಯಾಗಿ ಹಿಡಿತ ಸಿಗದ ಕಾರಣ ಒಬ್ಬರಿಂದ ಒಬ್ಬರಿಗೆ ಕೆಮ್ಮಿನ್ಯಾಗ ಹಬ್ಬೂದು ಕಷ್ಟ ಆಗತೈತಿ, ಅಷ್ಟ.

ಫೆಬ್ರವರಿಯೊಳಗ ನಾನು ಇದನ್ನ ನಮ್ಮ ಕೊನೇ ವರ್ಷದ ಹುಡುಗರಿಗೆ ತೋರಿಸಿದೆ. ರೋಗದ ಸ್ಯಾಂಪಲ್ ನಮ್ಮಂಥ ಕಾಲೇಜ್ ಲ್ಯಾಬಿನ್ಯಾಗ ಮುಟ್ಟೂಹಂಗಿಲ್ಲ, ಮುಟ್ಟಬಾರದು. ಅದಕ್ಕ ದನದ ಔಷಧಿ ಅಂಗಡಿಯಿಂದ ಲಸೋಟಾ ಲಸಿಕಿ ತಂದೆ, ರಾಣಿಖೇತದ ಸೌಮ್ಯ ತಳಿ ಅದು, ಜೀವಂತ ವೈರಸ್ ಇರತೈತಿ, ಕೋಳಿ ಕೆಂಪು ಕಣಾನ ಹಿಡೀತೈತಿ. ಪ್ಲೇಟಿನ್ಯಾಗ ಒಂದಕ್ಕ ಎರಡು, ಎರಡಕ್ಕ ನಾಕು ಅಂತ ತೆಳು ಮಾಡ್ಕೋತ ಹೋದ್ವಿ, ಕೆಂಪು ಹಾಸು ಎಲ್ಲಿತನಕ ಬರತೈತಿ, ಚುಕ್ಕಿ ಎಲ್ಲಿಂದ ಶುರು ಆಗತೈತಿ ಅಂತ ಹುಡುಗಿಯರು ಪ್ಲೇಟ್ ವಾಲಿಸಿ ವಾಲಿಸಿ ನೋಡಿದ್ರು. ಆಮ್ಯಾಲೆ ನಾ ಕೇಳಿದೆ: ನಮ್ಮ ಹುಡುಗನ ಎಚ್3ಎನ್2 ಇದೇ ಪ್ಲೇಟಿಗೆ ಹಾಕಿದ್ರ ಏನಾಗತಿತ್ತು? ಎಲ್ಲಾರೂ ಗಂಟು ಆಗತಿತ್ತು ಅಂದ್ರು. ಇಲ್ಲ. 1990ರ ದಶಕದಿಂದ ಎಚ್3ಎನ್2 ಕೋಳಿ ಕೆಂಪು ಕಣ ಹಿಡಿಯೂದನ್ನ ಬಿಡ್ತಾ ಬಂದೈತಿ, ಈಗ ಅದಕ್ಕ 2-6 ಇದ್ರಷ್ಟ ಸಾಲೂದಿಲ್ಲ, ಉದ್ದ ಕೊಂಬಿಯ ತುದಿಗೆ ಇದ್ದ 2-6 ಬೇಕು. ಹಿಂಗಾಗಿ ಲ್ಯಾಬಿನವರು ಗಿನಿಪಿಗ್ ರಕ್ತ ಬಳಸ್ತಾರ, ಅದರ ಜೋಡಿ ಒಸೆಲ್ಟಾಮಿವಿರ್ರೂ ಹಾಕ್ತಾರ, ಯಾಕಂದ್ರ ಈಗಿನ ಎಷ್ಟೋ ವೈರಸ್ಸಿನ್ಯಾಗ ಕತ್ತರಿ ಕೆಲಸದ ನ್ಯೂರಾಮಿನಿಡೇಸೇ ಸಕ್ಕರಿ ಹಿಡಕೊಂಡು ಟೆಸ್ಟ್ ಕೆಡಸತೈತಿ. ಅಂದ್ರ ಕೋಳಿ ರಕ್ತದ ಒಂದೇ ಪ್ಲೇಟಿನ್ಯಾಗ ಅಕ್ಕನ ಕೋಳಿ ವೈರಸ್ಸು ಎದ್ದು ಕಾಣತಿತ್ತು, ಅಕ್ಕನ ಮಗನ ವೈರಸ್ಸು ಇದ್ದೂ ಇಲ್ಲದಂಗ ಇರತಿತ್ತು. ಇದನ್ನ ಕೇಳಿ ಹಿಂದಿನ ಬೆಂಚಿನ ಒಬ್ಬಾಕಿ "ಸರ್, ಹಂಗಾದ್ರ ನೆಗೆಟಿವ್ ಅಂತ ಬಂದ್ರೂ ಯಾರ ರಕ್ತದ ಮ್ಯಾಲೆ ಅಂತ ಕೇಳಬೇಕಲ್ರಿ" ಅಂದ್ಲು. ಆ ವರ್ಷ ನನಗ ಸಿಕ್ಕ ಒಳ್ಳೆ ಪ್ರಶ್ನೆ ಅದು.

ಅಕ್ಕನ ಮೂವತ್ತೆಂಟರಾಗ ಉಳದದ್ದು ಒಂಬತ್ತು ಕೋಳಿ. ಗೂಡು ತೊಳದು, ಸುಣ್ಣಾ ಹೊಡದು, ಒಂದೂವರಿ ತಿಂಗಳು ಖಾಲಿ ಬಿಟ್ಟು ಮರಿ ತಂದ್ರು. ಏಳನೇ ದಿನಕ್ಕ ಕಣ್ಣಿಗೆ ಲಸೋಟಾ ಒಂದೊಂದು ಹನಿ ಬಿಡೂವಾಗ ಮರಿ ಹಿಡಕೊಂಡವ ಅದೇ ಹುಡುಗ, ನಾಕನೇ ವಾರಕ್ಕ ಮತ್ತೊಮ್ಮೆ, ಎಂಟನೇ ವಾರಕ್ಕ ಚರ್ಮದ ಕೆಳಗ ಆರ್2ಬಿ ಅನ್ನೋ ರಾಣಿಖೇತದ ಇನ್ನೊಂದು ಲಸಿಕಿ ಹಾಕಿಸಿದ್ರು. ಹೊಸಾ ಕೋಳಿ ಯಾವ ಸಂತಿಯಿಂದ ಬಂದ್ರೂ ಈಗ ಹದಿನೈದು ದಿನ ಬ್ಯಾರೆ ಬುಟ್ಟಿಯೊಳಗ ಇಡ್ತಾರ. ಹಾಲು ಬಿಟ್ಟಿದ್ದ ಏಳು ಮನಿಯೊಳಗ ಐದು ಮನಿಯವರು ವಾಪಸ್ ಬಂದಾರ. ಉಳದ ಎರಡು ಮನಿಗೆ ಮಾವ ತಾವ ಹೋಗಿ ರಿಪೋರ್ಟಿನ ಜೆರಾಕ್ಸ್ ಕೊಟ್ಟು ಬಂದಾರ, ಅವರು ಇನ್ನೂ ಪ್ಯಾಕೆಟ್ ಹಾಲ ತಗೊಳ್ಳಾಕತ್ತಾರ.